ಮಸಿ ತಿಪ್ಪಮ್ಮ ಮತ್ತು ತವರಿನ ಹೇಂಟೆ

ಯಾವ ಕಾಲವೋ ಏನೋ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಿಂದೆ, ಕಲ್ಲುಗುಡ್ಡದ ಕೆಳಗೆ ಒಂದೂರು ಇತ್ತಂತೆ. ಆ ಊರಲ್ಲಿ ತಿಪ್ಪಮ್ಮ ಅಂತ ಒಬ್ಬ ಮುದುಕಿ, ಕೋಳಿಗೆ ಮದ್ದು ಹಾಕೋಳು. ಅವಳ ಅಂಗೈ ಯಾವ ಬಣ್ಣ ಅಂತ ಯಾರೂ ಕಂಡಿರಲಿಲ್ಲವಂತೆ, ಯಾವಾಗಲೂ ಒಲೆಮಸಿ ಮೆತ್ತಿರುತ್ತಿತ್ತು. ಬಾಯಿ ಬಲು ಜೋರು. ಅದಕ್ಕೇ ಕೋಳಿ ಸಾಯೋ ಹೊತ್ತಿಗಲ್ಲದೆ ಯಾರೂ ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಆ ಊರಿನ ಮಾರಕ್ಕನ ಮನೆಗೆ ಬೋರಕ್ಕ ಅನ್ನೋ ಸೊಸೆ ಬಂದಳು. ಬರುವಾಗ ಕಂಕುಳಲ್ಲಿ ತವರಿನ ಬಿಳಿ ಹೇಂಟೆ. ಆಗಿನ ಪದ್ಧತಿ ಅದು. ತವರಿನ ಹೇಂಟೆ ಅತ್ತೆಮನೆ ಗೂಡಿಗೆ ಒಗ್ಗಿದರೆ ಸೊಸೆಯೂ ಒಗ್ಗಿದಳು ಅಂತ. ಸತ್ತರೆ ಅಪಶಕುನ, ಸೊಸೆಯನ್ನ ತವರಿಗೆ ಕಳಿಸಿಬಿಡೋದು. ಎಂಥ ಪದ್ಧತಿ ನೋಡ್ರೇ! ಕೋಳಿ ಕೊಕ್ಕಿನಲ್ಲಿ ಹೆಣ್ಣಿನ ಬಾಳು.

ಮನೆಯ ಕೋಳಿಗಳು ಹೊಸದನ್ನ ಸೇರಿಸಲಿಲ್ಲ. ಬೆನ್ನು ಕುಕ್ಕಿದವು, ಬಾಲದ ಬುಡ ಕುಕ್ಕಿದವು, ಪುಕ್ಕ ಕಿತ್ತು ರಕ್ತ ಬರಿಸಿದವು. ಬೋರಕ್ಕನಿಗೆ ಕೂತರೆ ನಿಂತರೆ ಸಮಾಧಾನವಿಲ್ಲ. ರೊಟ್ಟಿ ತಟ್ಟುವಾಗ ಕಿವಿಯೆಲ್ಲ ಹಿತ್ತಲಲ್ಲೇ. ಕೊಕ್ ಅಂದರೆ ಎದ್ದು ಓಡೋಳು, ಇತ್ತ ರೊಟ್ಟಿ ಸೀಯೋದು. ಹಿತ್ತಲಲ್ಲಿ ಕೋಳಿ ಕುಕ್ಕಿದರೆ ಅಡುಗೆಮನೆಯಲ್ಲಿ ಅತ್ತೆ ಕುಕ್ಕೋಳು ಅಂತಾರೆ.

ಪಾಪ, ಗಾಯಕ್ಕೆ ಅರಿಶಿನ ಸುಣ್ಣ ಕಲಸಿ ಹಚ್ಚಿದಳು. ನಮ್ಮವರು ಇನ್ನೇನು ಹಚ್ಚುತ್ತಾರೆ? ಹಚ್ಚಿದಷ್ಟೂ ಕೋಳಿಗಳು ಮುಗಿಬಿದ್ದವಂತೆ. ಮತ್ತೆ ಹಚ್ಚಿದಳು, ಮತ್ತೆ ಮುಗಿಬಿದ್ದವು. ಹೇಂಟೆ ಕತ್ತೆತ್ತದಂತಾಯಿತು. ಮಾರಕ್ಕ ಸೊಸೆಯ ಸೀರೆಗಳನ್ನ ಗಂಟು ಕಟ್ಟಿ ಬಾಗಿಲಲ್ಲಿಟ್ಟಳು.

ಬೋರಕ್ಕ ಹೇಂಟೆ ಎತ್ತಿಕೊಂಡು ತಿಪ್ಪಮ್ಮನ ಗುಡಿಸಲಿಗೆ ಓಡಿದಳಂತೆ. ಮುದುಕಿ ಗಾಯ ನೋಡಿದ್ದೇ ಬೈದಳು.

"ಅಯ್ಯೋ ಮಂಕೇ, ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವೇನೇ? ಕೆಂಪು ಕಂಡ್ರೆ ಕುಕ್ಕೋದೇ ಕೋಳಿ ಬುದ್ಧಿ. ನೀನೇ ಕರೆದು ಕುಕ್ಕಿಸಿದ್ದೀಯಲ್ಲೇ!"

ಗಾಯ ತೊಳೆದು, ಬೇವಿನೆಣ್ಣೆಯಲ್ಲಿ ಒಲೆಮಸಿ ಕಲಸಿ ಬಳಿದಳು. ಅಷ್ಟಕ್ಕೇ ಬಿಡಲಿಲ್ಲ. ಸೀದಾ ಮಾರಕ್ಕನ ಹಿತ್ತಲಿಗೆ ನುಗ್ಗಿ, ಅಲ್ಲಿದ್ದ ಕೋಳಿಗಳಿಗೆಲ್ಲ ಬಳಿದಳು, ಹುಂಜಕ್ಕೂ ಬಳಿದಳು. ಸಂಜೆ ಗೂಡಿಗೆ ಬಿಟ್ಟರೆ ಹಳೇದು ಯಾವುದು, ಹೊಸದು ಯಾವುದು ಕೋಳಿಗಳಿಗೇ ತಿಳಿಯಲಿಲ್ಲವಂತೆ. ಒಂದರ ಮುಖ ಒಂದು ನೋಡಿಕೊಂಡು ತೆಪ್ಪಗೆ ಕೂತವಂತೆ.

ತಿಪ್ಪಮ್ಮ ಅದೇ ಕೈಯಲ್ಲಿ ಬೋರಕ್ಕನ ಕೆನ್ನೆಗೂ ಬಳಿದಳು. ಆಮೇಲೆ ಅತ್ತೆಯ ಕಡೆ ಮಸಿ ಬಟ್ಟಲು ಚಾಚಿದಳು. ನಾನೇನು ಕೋಳಿಯೇನೇ ಅಂತ ಮಾರಕ್ಕ ರೇಗಿದಳು.

"ಕುಕ್ಕಿದ್ದು ಯಾರು ಅಂತ ಅವಳನ್ನೇ ಕೇಳು" ಅಂದಳಂತೆ ತಿಪ್ಪಮ್ಮ.

ಮುದುಕಿ ಕದಲಲಿಲ್ಲ, ಬಟ್ಟಲು ಹಿಂದೆ ತೆಗೆಯಲಿಲ್ಲ. ಊರೆಲ್ಲ ಬೇಲಿ ಮೇಲೆ ಕತ್ತು ಹಾಕಿ ನೋಡುತ್ತಿತ್ತು. ಕೊನೆಗೆ ಮಾರಕ್ಕ ಬೆರಳದ್ದಿ ತನ್ನ ಕೆನ್ನೆಗೆ ತಾನೇ ಹಚ್ಚಿಕೊಂಡಳು. ಹೋಗಿ ಬಾಗಿಲ ಗಂಟು ಬಿಚ್ಚಿ ಸೀರೆಗಳನ್ನ ಒಳಗಿಟ್ಟಳು.

ಆ ಊರು ಇದೇ ಕಣ್ರೇ. ಮುಖಕ್ಕೆ ಮಸಿ ಬಳಿದರೆ ಬೇರೆ ಊರಲ್ಲಿ ಅವಮಾನ, ನಮ್ಮಲ್ಲಿ ಮರ್ಯಾದೆ. ಇವತ್ತಿಗೂ ಸೊಸೆ ಹೊಸ್ತಿಲು ತುಳಿಯೋ ಮುಂಚೆ ಅತ್ತೆ ಮೊದಲು ತನ್ನ ಕೆನ್ನೆಗೆ ಮಸಿ ಹಚ್ಚಿಕೊಂಡು, ಆಮೇಲೆ ಸೊಸೆಗೆ ಹಚ್ಚುತ್ತಾಳೆ. ನಾನು ಬಂದಾಗ ನಮ್ಮತ್ತೆ, ಅವಳ ಸಿಡುಕು ನಿಮಗೂ ಗೊತ್ತು, ಕಪ್ಪು ಕೆನ್ನೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದೆ. ಅವಳ ಮುಖ ನೋಡಿ ನಗು ಬಂದುಬಿಡ್ತು.