ಪಾಕದ ಆರೋಗ್ಯಮ್ಮ ಊರಿಗೆಲ್ಲ ಕಜ್ಜಾಯ ತಿನ್ನಿಸಿದ್ದು

ಎಷ್ಟೋ ತಲೆಮಾರಿನ ಹಿಂದೆ ಒಂದೂರಲ್ಲಿ ಒಬ್ಬಳು ಮುದುಕಿ ಇದ್ದಳಂತೆ. ಒಂದೂರು ಅಂದ್ರೆ ಯಾವುದೋ ಊರಲ್ಲ, ನಮ್ಮೂರೇ. ಸದ್ದು ಮಾಡ್ದೆ ಕೂತ್ಕಳಿ. ಈ ಕತೆ ನನ್ನಷ್ಟು ಚೆಂದಾಗಿ ಹೇಳೋನು ಈ ಹೋಬಳೀಲೇ ಇಲ್ಲ, ಬೇರೆಯೋರು ಹೇಳೋದೆಲ್ಲ ಅರ್ಧಂಬರ್ಧ.

ಆ ಮುದುಕಿ ಹೆಸರು ಆರೋಗ್ಯಮ್ಮ. ಜನ ಕರೀತಿದ್ದದ್ದು ಪಾಕದ ಆರೋಗ್ಯಮ್ಮ ಅಂತ. ನಮ್ಮೂರಲ್ಲಿ ಕ್ರಿಸ್ಮಸ್ ಹಬ್ಬ ಅಂದ್ರೆ ಕಜ್ಜಾಯ, ಕಜ್ಜಾಯ ಅಂದ್ರೆ ಬೆಲ್ಲದ ಪಾಕ. ಪಾಕ ಎಳೇದಾದ್ರೆ ಕಜ್ಜಾಯ ಎಣ್ಣೇಲಿ ಒಡೆದು ಚೂರಾಯ್ತದೆ, ಬಲಿತ್ರೆ ನಾಯಿಗೆ ಹೊಡೆಯೋ ಕಲ್ಲಾಯ್ತದೆ. ಆ ಹದ ಅವಳೊಬ್ಬಳಿಗೇ ಗೊತ್ತಿತ್ತಂತೆ. ಬೀದೀಲಿ ನಡ್ಕೊಂಡು ಹೋಗ್ತಾ ಮೂಗಲ್ಲೇ ಹಿಡಿದು, 'ಏ ಮರಿಯಮ್ಮ, ಇಳ್ಸೇ ಕೆಳಕ್ಕೆ' ಅಂತ ಕೂಗೋಳಂತೆ. ಕುದಿಯೋ ಪಾಕಕ್ಕೆ ಬೆರಳದ್ದಿದ್ರೂ ಬೊಬ್ಬೆ ಬರ್ತಿರ್ಲಿಲ್ವಂತೆ. ಅವಳು ಪಾಕದ ಎಳೆ ಎಳೆದ್ರೆ ಮೇಲ್ಬೀದಿಯಿಂದ ಕೆಳಬೀದಿಗಂಟ ಹರೀದೆ ನಿಲ್ತಿತ್ತು ಅಂತಾರೆ. ನಗ್ಬ್ಯಾಡಿ. ನಮ್ಮಜ್ಜಿಯ ಅಜ್ಜಿ ಅದರ ಮೇಲೆ ಸೀರೆ ಒಣಗಾಕವ್ಳೆ.

ಪಾಕ ನೋಡಿದ್ದಕ್ಕೆ ಅವಳು ತಗೋತಿದ್ದದ್ದು ಮನೆಗೊಂದು ಹಿಡಿ ಕಜ್ಜಾಯದ ಹಿಟ್ಟು. ಎಲ್ಲಾರ ಹಿಟ್ಟನ್ನೂ ಒಂದೇ ಮಡಕೆಗೆ ಹಾಕಿ, ಎಣ್ಣೇಲಿ ಬೇಯಿಸಿ, ಹಬ್ಬದ ಬೆಳಿಗ್ಗೆ ಚರ್ಚಲ್ಲಿ ಪೂಜೆ ಮುಗಿದ ಮೇಲೆ ಗುಡಿ ಬಾಗ್ಲಲ್ಲಿ ಊರಿಗೆಲ್ಲ ಹಂಚೋಳಂತೆ. ಅದನ್ನ ತಿನ್ದೆ ಯಾರೂ ಹಬ್ಬದೂಟಕ್ಕೆ ಕೂರ್ತಿರ್ಲಿಲ್ಲ.

ಒಂದು ವರ್ಷ ಏನಾಯ್ತು ಅಂದ್ರೆ, ಇನ್ನಾಸಪ್ಪ ಅಂತ ಒಬ್ಬ, ತನ್ನ ಸರದಿ ಇಲ್ದಾಗ ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಟ್ಕೊಂಡ. ಊರ ಯಜಮಾನ ಚೌರಪ್ಪ ಪಂಚಾಯ್ತಿ ಕೂರಿಸಿ, ತಪ್ಪಾಯ್ತು ಅಂತ ಅಡ್ಡ ಬೀಳು ಅಂದ. ಇವ್ನು ಬೀಳ್ಲಿಲ್ಲ. ಇಬ್ರೂ ಕೋಣಗಳೇ. ಯಜಮಾನ ಬಹಿಷ್ಕಾರ ಹಾಕ್ದ. ಆ ಮನೆಗೆ ಯಾರೂ ಬೆಂಕಿ ಕೊಡಂಗಿಲ್ಲ, ನೀರು ಕೊಡಂಗಿಲ್ಲ. ಆ ಮನೆ ಒಲೇಲಿ ಬೆಂದಿದ್ದನ್ನ ಯಾರು ತಿಂತಾರೋ ಅವರಿಗೂ ಅದೇ ಗತಿ.

ಹಬ್ಬ ಹತ್ರ ಬಂತು. ಊರೆಲ್ಲ ಒರಳಿನ ಸದ್ದು. ಇನ್ನಾಸಪ್ಪನ ಮನೇಲಿ ಮಾತ್ರ ಪಾತ್ರೆ ಪಡಗ ಗಂಟು ಕಟ್ತಿದ್ರಂತೆ. ಹಬ್ಬದ ಮಾರನೇ ದಿನ ಗಾಡಿ ಹೂಡ್ಕೊಂಡು ಮಕ್ಕಳುಮರಿ ಸಮೇತ ಊರೇ ಬಿಟ್ಟು ಹೋಗೋದು ಅಂತ ತೀರ್ಮಾನ. ಆರೋಗ್ಯಮ್ಮ ಇದನ್ನ ಕೇಳಿ ಯಜಮಾನನ ಹತ್ರ ಹೋಗಿ, ಹಬ್ಬಕ್ಕಾದ್ರೂ ಬಿಡಪ್ಪ ಅಂದ್ಲಂತೆ.

'ನೀನು ಪಾಕ ನೋಡಜ್ಜಿ, ಪಂಚಾಯ್ತಿ ನಾವು ನೋಡ್ತೀವಿ' ಅಂದ ಯಜಮಾನ.

ಅವಳು ಆಗ್ಲಿ ಅಂದು ಬಂದ್ಲು. ಹಬ್ಬದ ಹಿಂದಿನ ಮಧ್ಯಾಹ್ನ ಊರಿಗೂರೇ ಬಾಣಲೆ ಮುಂದೆ ಕೂತಿರೋವಾಗ, ಹಿಟ್ಟಿನ ಮಡಕೆ ಸೊಂಟಕ್ಕಿಟ್ಕೊಂಡು, ಒಡಕು ಓಡಲ್ಲಿ ಕೆಂಡ ತಗೊಂಡು, ಸೀದಾ ಇನ್ನಾಸಪ್ಪನ ಮನೆಗೇ ಹೋದ್ಲಂತೆ. ಅವನು ಬಾಗ್ಲಿಗೆ ಅಡ್ಡ ನಿಂತ.

'ಬ್ಯಾಡಜ್ಜಿ, ನಿನ್ನನ್ನೂ ಹೊರಗಾಕ್ತಾರೆ.'

'ಹಾಕ್ಲಿ ಬಿಡು. ಬರೋ ವರ್ಷ ಊರೆಲ್ಲ ಕಲ್ಲು ಕಡೀಲಿ. ಸರ್ಕೊಳೋ, ಕೆಂಡ ಆರ್ತದೆ.'

ಅವನ ಹೆಂಡ್ತಿ ಗಂಟು ಬಿಚ್ಚಿ ಬಾಣಲೆ ತೆಗೆದ್ಲು. ಅಷ್ಟೂ ಕಜ್ಜಾಯ ಆ ಒಲೇಲೇ ಬೆಂತು. ಆ ಘಮಕ್ಕೆ ಕೆರೆಯಾಚೆ ಊರಿನ ಎತ್ತುಗಳು ಹಗ್ಗ ಕಿತ್ಕೊಂಡು ಬಂದ್ವು ಅಂತಾರೆ. ಬಂದಿರ್ತವೆ, ಆ ಊರಲ್ಲಿ ಅವುಕ್ಕೇನಿತ್ತು?

ಬೆಳಿಗ್ಗೆ ಪೂಜೆ ಆಯ್ತು. ಮೊದಲು ಪೂಜೆ ಮಾಡಿದ್ದ ಪಾದ್ರಿ ಗುರುಗಳು ತಿಂದ್ರು. ಯಜಮಾನ ಎರಡೆರಡು ತಗೊಂಡ. ಊರೆಲ್ಲ ತಿಂತು. ಈ ಸಲದ್ದು ರುಚಿನೇ ಬೇರೆ ಅಂತ ಯಾರೋ ಅಂದ್ರಂತೆ. ಆಗ ಆರೋಗ್ಯಮ್ಮ ಸೆರಗಿಗೆ ಕೈ ಒರೆಸ್ಕೊಂಡು, 'ಇನ್ನಾಸಪ್ಪನ ಒಲೇಲಿ ಬೆಂದಿದ್ದಲ್ವಾ, ಅದಕ್ಕೇ' ಅಂದ್ಲು.

ಯಜಮಾನನ ಬಾಯ್ತುಂಬ ಕಜ್ಜಾಯ, ಕೆನ್ನೆ ಉಬ್ಕೊಂಡೈತೆ. ಗುರುಗಳ ಮುಂದೆ ಉಗಿಯಂಗಿಲ್ಲ. ಬಾಗ್ಲ ಪಕ್ಕ ಕಟ್ಟಿದ್ದ ಗೋದಲೀಲಿ ಬಾಲಯೇಸು ಬೇರೆ ಹುಲ್ಲ ಮೇಲೆ ಮಲಗಿ ಇವನನ್ನೇ ನೋಡ್ತಾವ್ನೆ.

'ಈಗ ಹೇಳಪ್ಪ ಚೌರಪ್ಪ, ಯಾರ ಮನೆಗೆ ಯಾರು ಬೆಂಕಿ ಕೊಡ್ಬಾರ್ದು? ತಮಟೆ ಹೊಡ್ಸಿ ಸಾರಿಸ್ಬಿಡು. ತಮಟೆಯೋನೂ ತಿಂದವ್ನೆ, ನೋಡ್ಕೋ.'

ಯಜಮಾನ ನುಂಗ್ದ. 'ಇನ್ನೂ ಐತಾ?' ಅಂದ.

ಮೊದಲು ನಕ್ಕಿದ್ದು ಗುರುಗಳಂತೆ. ಆಮೇಲೆ ಯಜಮಾನ ತಾನೇ ಇನ್ನಾಸಪ್ಪನ ಬಾಗ್ಲಿಗೆ ಹೋಗಿ, ಊಟಕ್ಕೆ ಬಾ ಅಂತ ಕರೆದ. ಅಡ್ಡ ಬೀಳು ಅಂದಾಗ ಬೀಳ್ದಿದ್ದೋನು, ಊಟಕ್ಕೆ ಬಾ ಅಂದಾಗ, ತೂಬು ಎತ್ತಿದ್ದು ನಂದೇ ತಪ್ಪು ಅಂದ್ನಂತೆ. ಮಾರನೇ ದಿನ ಗಾಡಿಗೆ ಹೂಡ್ಬೇಕಿದ್ದ ಎತ್ತು ಕೊಟ್ಟಿಗೇಲೇ ಉಳಿದ್ವು.

ಆರೋಗ್ಯಮ್ಮ ಮಣ್ಣಿಗೆ ಹೋಗಿ ಎಷ್ಟೋ ಕಾಲ ಆಯ್ತು. ಈಗ್ಲೂ ನಮ್ಮೂರಲ್ಲಿ ಹಬ್ಬಕ್ಕೆ ಮನೆಗೊಂದು ಹಿಡಿ ಹಿಟ್ಟು ಎತ್ತಿಡ್ತಾರೆ. ಆ ವರ್ಷ ಊರ ಜೊತೆ ಯಾರು ಮಾತು ಬಿಟ್ಟವ್ರೋ, ಮಡಕೆ ಅವರ ಮನೆಗೇ ಹೋಗೋದು. ಬಾಗ್ಲು ಹಾಕ್ಕೊಂಡ್ರೆ ಜಗಲಿ ಮೇಲೇ ಒಲೆ ಹೂಡಿ ಬಾಣಲೆ ಇಡ್ತೀವಿ. ಎಂತೆಂಥ ಮೊಂಡರನ್ನ ನೋಡಿದ್ದೀನಿ ನಾನು. ಎರಡನೇ ಕಜ್ಜಾಯ ಎಣ್ಣೆಗೆ ಬೀಳೋಗಂಟ ಅಗುಳಿ ತೆಗೀದೆ ಕೂತೋನು ಒಬ್ಬನೂ ಇಲ್ಲ.