ಸೇತುವೆಯ ಯಾವ ಕಡೆ?

ಟಿಕೆಟ್ ತಗೊಳ್ಳಿ ಎಂದದ್ದಕ್ಕೆ ಕಂಟ್ರಾಕ್ಟರ್ ರುದ್ರೇಗೌಡ ಓಡುವ ಬಸ್ಸಿನಲ್ಲೇ ಕಂಡಕ್ಟರ್ ಕೆಂಚಯ್ಯನ ಹಲ್ಲು ಉದುರಿಸಿದ. ಕೇಸು ಕೋರ್ಟಿಗೆ ಬಂತು. ಬಸ್ಸಿನಲ್ಲಿದ್ದವರೆಲ್ಲ ಗೌಡನಿಗೆ ಹೆದರಿ, ನಾವು ನಿದ್ದೆಯಲ್ಲಿದ್ದೆವು ಎಂದುಬಿಟ್ಟರು. ಸಾಕ್ಷಿ ಹೇಳಲು ಉಳಿದವನು ಕೆಂಚಯ್ಯ ಒಬ್ಬನೇ.

ಗೌಡನ ವಕೀಲರು ಅವನ ಮೇಲೆ ಎರಗಿದರು. "ನನ್ನ ಕಕ್ಷಿದಾರರು ಹೊಡೆದೇ ಇಲ್ಲ. ಹೊಡೆದರು ಎಂದೇ ಇಟ್ಟುಕೊಂಡರೂ ಬಸ್ಸು ದಾಟಿದ ಸೇತುವೆಯಾಚೆ ಬೇರೆ ಜಿಲ್ಲೆ, ಅಲ್ಲಿ ನಡೆದದ್ದಕ್ಕೆ ಈ ಕೋರ್ಟಿಗೆ ಅಧಿಕಾರವಿಲ್ಲ. ಏಟು ಬಿದ್ದದ್ದು ಸೇತುವೆಯ ಯಾವ ಕಡೆ? ಹೇಳಯ್ಯಾ!"

ಒಂದು ಮಾತು ತಪ್ಪಿದರೂ ಸುಳ್ಳುಸಾಕ್ಷಿ ಎನ್ನುತ್ತಾರೆ. ಕೆಂಚಯ್ಯ ನ್ಯಾಯಾಧೀಶರಿಗೆ ಕೈಮುಗಿದ.

"ಸ್ವಾಮಿ, ನಾನು ಮುಖ ಮುಚ್ಚಿಕೊಂಡು ಕೆಳಗೆ ಬಿದ್ದಿದ್ದೆ. ಹೊರಗೇನೂ ಕಾಣಲಿಲ್ಲ. ಕಿಟಕಿ ಪಕ್ಕ ನಿಂತಿದ್ದವರು ಗೌಡರು. ಅವರಿಗೂ ನೆನಪಿಲ್ಲದಿದ್ದರೆ ಬಿಡಿ, ಪಾಪ, ವಯಸ್ಸಾಯಿತಲ್ಲ..."

"ಯಾರಿಗೋ ವಯಸ್ಸಾದದ್ದು?" ಗೌಡ ಕಟಕಟೆಯಿಂದಲೇ ಗುಡುಗಿದ. "ಸೇತುವೆ ದಾಟಿದ ಮೇಲೇ ಹೊಡೆದದ್ದು! ಎರಡೇ ಏಟಿಗೆ ಹಲ್ಲು ಕಿತ್ತು ಬಂತು!"

ಗೌಡನ ವಕೀಲರು ಮೆಲ್ಲಗೆ ಕುಳಿತುಕೊಂಡರು.

ಸರ್ಕಾರಿ ವಕೀಲರು ಎದ್ದರು. "ಪ್ರಯಾಣದಲ್ಲಿ ನಡೆದ ಅಪರಾಧವನ್ನು ಬಸ್ಸು ಹಾದುಹೋದ ಯಾವ ಜಿಲ್ಲೆಯಲ್ಲಾದರೂ ವಿಚಾರಿಸಬಹುದು, ಸ್ವಾಮಿ. ಹೊಡೆದವರು ಯಾರು ಎಂಬುದೊಂದೇ ನನಗೆ ಬೇಕಿತ್ತು."