ಮೆಣಸಿನಕಾಯಿ ಪೇಟೆಯ ಸಂವಿಧಾನ ಜಗಳ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನೀಲಕಂಠಪ್ಪನವರು ಮೊಬೈಲನ್ನು ಗುಮಾಸ್ತನ ಮುಂದೆ ಕುಕ್ಕಿದರು. ವರ್ತಕರ ವಾಟ್ಸಾಪ್ ಗುಂಪಿನಲ್ಲಿ ಮಂತ್ರಿಗಳನ್ನು ಟೀಕಿಸಿದ್ದ ಎದುರಂಗಡಿಯ ದ್ಯಾಮಣ್ಣನ ಜೊತೆ ಬೆಳಗಿನಿಂದ ಅವರ ಜಗಳ ನಡೆದಿತ್ತು.

“ಮಂತ್ರಿಗಳನ್ನ ಪ್ರಶ್ನೆ ಮಾಡಬಾರದು ಅಂತ ಸಂವಿಧಾನದಾಗ ಐತಿ ಅಂತ ಬರಿ. ಅವನ ಬಾಯಿ ಮುಚ್ಚಬೇಕು. ಇಲ್ಲಾಂದ್ರ ನಾಳೆಯಿಂದ ಬರಬ್ಯಾಡ!”

“ಎಲ್ಲಿ ಐತ್ರಿ, ಸಾವ್ಕಾರ್ರ?”

“ಅಷ್ಟು ದಪ್ಪ ಪುಸ್ತಕದಾಗ ಎಲ್ಲೋ ಇರತೈತಿ!”

ಗುಮಾಸ್ತ ಲೆಕ್ಕ ಹಾಕಿದ. ಸುಳ್ಳು ಬರೆದರೆ ಪೇಟೆ ನಗುತ್ತದೆ, ಬರೆಯದಿದ್ದರೆ ಕೆಲಸ ಹೋಗುತ್ತದೆ. ಕೊನೆಗೆ ಸಾವ್ಕಾರರ ಹೆಸರಿನಲ್ಲೇ ಬರೆದ: “ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು ನೋಡದೆ ದರ ಕೂಗುವುದು ನಮ್ಮ ಪೇಟೆಯ ರೂಢಿಯಲ್ಲ. ಹಾಗೆಯೇ ಸಂವಿಧಾನ ಓದಿದವರಷ್ಟೇ ಇನ್ನು ಅದರ ಬಗ್ಗೆ ಮಾತಾಡಲಿ.”

ಗುಂಪೆಲ್ಲ ತಣ್ಣಗಾಯಿತು. ದ್ಯಾಮಣ್ಣನೂ ಗಪ್ಪಾದ.

“ಭೇಷ್!” ಎಂದು ತೊಡೆ ತಟ್ಟಿದ ಸಾವ್ಕಾರರು ಇನ್ನೊಂದು ಏಟು ಕೊಡಲು ಮೊಬೈಲ್ ಎತ್ತಿಕೊಂಡರು. ಬೆರಳು ಅಲ್ಲೇ ನಿಂತಿತು. ತಾವೂ ಓದಿರಲಿಲ್ಲವಲ್ಲ! ಎದುರಂಗಡಿಯಲ್ಲಿ ದ್ಯಾಮಣ್ಣ ಸಪ್ಪೆ ಮೋರೆ ಹಾಕಿಕೊಂಡು ನೊಣ ಹೊಡೆಯುತ್ತಿದ್ದ.

ಊಟದ ಹೊತ್ತಿಗೆ ಸಾವ್ಕಾರರಿಗೆ ತಡೆಯಲಾಗಲಿಲ್ಲ.

“ಆ ಪುಸ್ತಕ ಎರಡು ತಗೊಂಡು ಬಾರೋ. ಒಂದು ಅವನಿಗೂ ಕೊಡು. ಓದ್ಲಿ, ಪಾಪ. ಅವ ಸುಮ್ಮನಾದ್ರ ನನಗ ಹೊತ್ತ ಹೋಗಂಗಿಲ್ಲ.”